ತೀರ್ಪುಗಾರರಿಗೆ ಪಾಠ ಹೇಳಲಿರುವ ಪುಟ್ಟಿಗೆ

ಉಡುಪಿ
ಭಾನುವಾರ

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ಮಂಗಳೂರಿನಲ್ಲಿ ಸೈಕಲ್ ರೇಸಿನ ಹೊಸ ತೀರ್ಪುಗಾರರನ್ನು ತಯಾರು ಮಾಡುವ ಹೊಣೆ ನಿನ್ನ ಹೆಗಲಿಗೆ ಬಂದಿದೆ ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ತುಂಬ ಸಂತೋಷವಾಯಿತು. ಜೊತೆಗೇ ಒಂದು ಹಳೆಯ ನೋವೂ ಎದ್ದು ಕುಳಿತಿತು. ಅದನ್ನು ನಿನಗೆ ಹೇಳಲೇಬೇಕು.

ವರ್ಷಗಳ ಹಿಂದೆ ಇಲ್ಲಿ, ಒಬ್ಬೊಬ್ಬರಾಗಿ ಹೊರಟು ಯಾರ ಮರೆಯನ್ನೂ ಹಿಡಿಯದೆ ಸಮಯಕ್ಕಾಗಿ ಓಡಿಸುವ ಒಂದು ಟೈಮ್ ಟ್ರಯಲ್‌ನಲ್ಲಿ ನಾನು ತೀರ್ಪುಗಾರನಾಗಿದ್ದೆ. ಬೆಳಿಗ್ಗೆ ಒಬ್ಬ ಹುಡುಗ ಮುಂದಿನವನ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಹೋಗುತ್ತಿದ್ದ. ಗದರಿಸಿ ಬಿಟ್ಟೆ. ಬಿಸಿಲೇರಿದ ಮೇಲೆ ಇನ್ನೊಬ್ಬ ಅದನ್ನೇ ಮಾಡಿದ. ಅವನನ್ನು ಅನರ್ಹಗೊಳಿಸಿದೆ. ಅವನು ಜಗಳವಾಡಲಿಲ್ಲ. ಜೆರ್ಸಿ ಕಳಚಿ, ನಂಬರಿನ ನಾಲ್ಕು ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ, ಬೆವರಿಗೆ ಒದ್ದೆಯಾದ ಆ ನಂಬರನ್ನು ಮಡಚಿ ನನ್ನ ಮೇಜಿನ ಮೇಲಿಟ್ಟ. "ಸರ್, ಬೆಳಿಗ್ಗೆ ಅವನಿಗಿಲ್ಲದ ನಿಯಮ ನನಗೆ ಎಲ್ಲಿಂದ ಬಂತು?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ನಿಯಮ ನನಗೆ ಬಾಯಿಪಾಠವಾಗಿತ್ತು. ದಾಟುವವನು ಪಕ್ಕಕ್ಕೆ 2 ಮೀಟರ್ ಬಿಡಬೇಕು, 1 ಕಿಲೋಮೀಟರ್ ಕಳೆದ ಮೇಲೆ ಹಿಂದೆ ಬಿದ್ದವನು 25 ಮೀಟರ್ ದೂರದಲ್ಲಿರಬೇಕು. ಆದರೆ 25 ಮೀಟರ್ ರಸ್ತೆಯ ಮೇಲೆ ಎಷ್ಟಾಗುತ್ತದೆ ಎಂಬುದು ಕಣ್ಣಿಗೆ ಗೊತ್ತಿರಲಿಲ್ಲ. ಬೆಳಗಿನ ಕಣ್ಣು ಒಂದು ಅಳತೆ ಹೇಳಿತು, ಮಧ್ಯಾಹ್ನದ ದಣಿದ ಕಣ್ಣು ಇನ್ನೊಂದು.

ಕಂಬಳದ ಕನೆ ಹಲಗೆಯನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯೆ. ಕೋಣಗಳ ಓಟಕ್ಕೆ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆಯನ್ನು ಮುಟ್ಟಿತೋ ಇಲ್ಲವೋ ಎಂಬುದು ಗದ್ದೆಯ ಬದಿಯಲ್ಲಿ ನಿಂತ ಮಗುವಿಗೂ ಕಾಣುತ್ತದೆ. ಸೈಕಲ್ ರೇಸಿನ ರಸ್ತೆಯ ಮೇಲೆ ಅಂಥ ಬಟ್ಟೆ ಇಲ್ಲ. ಅದನ್ನು ತೀರ್ಪುಗಾರರ ಕಣ್ಣಿನೊಳಗೇ ಕಟ್ಟಬೇಕು. ಆದ್ದರಿಂದ ಮೊದಲ ಪಾಠವನ್ನು ಸಭಾಂಗಣದಲ್ಲಿ ಮಾಡಬೇಡ. ಎಲ್ಲರನ್ನೂ ರಸ್ತೆಗೆ ಕರೆದುಕೊಂಡು ಹೋಗು, ಅಳತೆಯ ಹಗ್ಗ ಹಾಸು. ಆಮೇಲೆ ಹಗ್ಗ ತೆಗೆದು ಇಬ್ಬರನ್ನು ಸೈಕಲ್ ಓಡಿಸಲು ಹೇಳಿ, ನಡುವಿನ ದೂರವನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ. ಮಾತಿಗೆ ಮೊದಲು ಬರಹ ಆಗಬೇಕು, ಪುಟ್ಟಿ. ಇಲ್ಲದಿದ್ದರೆ ಹಿರಿಯರೊಬ್ಬರು ಬಾಯಿ ಬಿಟ್ಟ ಕೂಡಲೇ ಉಳಿದವರು ತಲೆಯಾಡಿಸುತ್ತಾರೆ. ಒಮ್ಮತ ಕಾಣುತ್ತದೆ, ಒಂದೇ ಅಳತೆ ಇರುವುದಿಲ್ಲ.

ಗುರಿಯ ಹತ್ತಿರ ಎಲ್ಲರೂ ಒಟ್ಟಿಗೆ ನುಗ್ಗುವ ಸ್ಪ್ರಿಂಟ್ ಇದಕ್ಕಿಂತ ಕಷ್ಟ. ಮಲ್ಪೆ ರಸ್ತೆಯಲ್ಲಿ ಮೀನಿನ ಲಾರಿ ಸುರಿಸಿಕೊಂಡು ಹೋದ ನೀರನ್ನು ತಪ್ಪಿಸಲು ಒಬ್ಬ ಎಡಕ್ಕೆ ಸರಿದ ಎಂದಿಟ್ಟುಕೋ. ಪಕ್ಕದವನು ಬಿದ್ದ. ಬಿದ್ದವನ ಮೊಣಕೈಯ ರಕ್ತ ನೋಡಿದರೆ ಯಾರ ಮನಸ್ಸಾದರೂ ಶಿಕ್ಷೆಯ ಕಡೆಗೇ ವಾಲುತ್ತದೆ. ನಿನ್ನವರು ಮೊದಲು ಬರೆಯಬೇಕಾದದ್ದು ಬೇರೆ: ಚಕ್ರ ಎಷ್ಟು ಸರಿಯಿತು, ಆಗ ಪಕ್ಕದಲ್ಲಿ ಯಾರಾದರೂ ಇದ್ದರೇ, ಅವರು ಬ್ರೇಕ್ ಹಿಡಿಯಬೇಕಾಯಿತೇ. ಯಾರು ಬಿದ್ದರು ಎಂಬುದು ಕೊನೆಯ ಸಾಲಿಗೆ ಬರಲಿ. 2017ರ ಟೂರ್ ದ ಫ್ರಾನ್ಸ್‌ನಲ್ಲಿ ಸ್ಪ್ರಿಂಟಿನಲ್ಲಿ ಕ್ಯಾವೆಂಡಿಶ್ ಎಂಬ ಸವಾರ ಬಿದ್ದ ದಿನವೇ, ಅವರನ್ನು ಬೀಳಿಸಿದರೆಂದು ಇನ್ನೊಬ್ಬ ಸವಾರ ಸಗಾನ್ ಅವರನ್ನು ರೇಸಿನಿಂದ ಹೊರಹಾಕಿದರು. ಡಿಸೆಂಬರಿನಲ್ಲಿ ಅದು ಉದ್ದೇಶವಿಲ್ಲದ ಅಪಘಾತ ಎಂದು ಎರಡೂ ಕಡೆಯವರು ಒಪ್ಪಿ ವ್ಯಾಜ್ಯ ಮುಗಿಸಿದರು. ಮುಂದಿನ ವರ್ಷದಿಂದ ದೊಡ್ಡ ರೇಸುಗಳಲ್ಲಿ ವಿಡಿಯೊ ನೋಡಲೆಂದೇ ಒಬ್ಬ ತೀರ್ಪುಗಾರರನ್ನು ಇಡುವುದಾಗಿ ಸೈಕಲ್ ಕ್ರೀಡೆಯ ವಿಶ್ವ ಸಂಸ್ಥೆಯಾದ ಯುಸಿಐ ಹೇಳಿತು. ಆದರೆ ಸಗಾನ್‌ಗೆ ಆ ಜುಲೈಯ ರೇಸು ಮರಳಿ ಸಿಗಲಿಲ್ಲ.

ರೈಲ್ವೆ ಗೇಟಿನ ವಿಷಯವನ್ನೂ ಪಾಠಕ್ಕೆ ತೆಗೆದುಕೋ. ಫ್ರಾನ್ಸಿನ ಒಂದು ದಿನದ ರೇಸಾದ ಪ್ಯಾರಿಸ್–ರೂಬೆಯಲ್ಲಿ 2006ರಲ್ಲಿ ಮುಚ್ಚಿದ ಗೇಟು ದಾಟಿದ್ದಕ್ಕೆ ಎರಡು, ಮೂರು, ನಾಲ್ಕನೆಯವರಾಗಿ ಗುರಿ ಮುಟ್ಟಿದ ಮೂವರನ್ನೂ ಅನರ್ಹಗೊಳಿಸಿದರು. 2015ರಲ್ಲಿ ಅದೇ ರೇಸಿನಲ್ಲಿ ಹಲವರು ಗೇಟಿನಡಿ ನುಸುಳಿ ಹೋದರು, ಹಿಂದೆಯೇ ರೈಲು ಬಂತು. ಯಾರಿಗೂ ಶಿಕ್ಷೆಯಾಗಲಿಲ್ಲ. ಎರಡೂ ವಿಡಿಯೊ ತೋರಿಸಿ ತೀರ್ಪು ಬರೆಯಿಸು. ಗುಂಪು ದೊಡ್ಡದಾದರೆ ಕೈ ಯಾಕೆ ತಡೆಯುತ್ತದೆ ಎಂದು ಅವರೇ ಹೇಳಲಿ. ನನ್ನನ್ನು ಕೇಳಿದರೆ, ರೈಲಿನ ಮಾತು ಬಂದಾಗ ಗುಂಪಿನ ಗಾತ್ರ ಎಣಿಸಬಾರದು.

ನನ್ನ ಹಗ್ಗವನ್ನು ಮೊನ್ನೆ ಅಟ್ಟದಿಂದ ಇಳಿಸಿದೆ. ಐದೈದು ಮೀಟರಿಗೆ ಕಟ್ಟಿದ ಕೆಂಪು ಬಟ್ಟೆ ಮಾಸಿದೆ, ಅತ್ತೆ ಹೊಸದು ಹೊಲಿಯುತ್ತಿದ್ದಾಳೆ. ಶನಿವಾರ ಬಂದು ತೆಗೆದುಕೊಂಡು ಹೋಗು, ಊಟಕ್ಕೆ ಇಲ್ಲೇ ಇರು.

ಇತಿ,
ನಿನ್ನ ಮಾವ