ಈ ಸೀಸನ್‌ನಿಂದ ಸ್ಟ್ರಾಬೆರಿ ತೊಳೆಯದೆ ಬರುತ್ತದೆ

ಗ್ರಾಹಕರಿಗೆ ನಮಸ್ಕಾರ.

ಮನೆಗಳಿಗೆ ಕೊಡುತ್ತಿದ್ದ ಒಂದು ಕಿಲೋ ಬಾಕ್ಸ್ ನಿಲ್ಲಿಸಿದ್ದೇವೆ. ಇನ್ನು ಮುಂದೆ ತೂತುಗಳಿರುವ 200 ಗ್ರಾಂ ಡಬ್ಬಿ. ಹಣ್ಣನ್ನು ತೊಳೆದಿರುವುದಿಲ್ಲ, ಹಸಿರು ತೊಟ್ಟೂ ಹಾಗೇ ಇರುತ್ತದೆ. ‘ತೊಳೆದೇ ಕೊಡಿ’ ಎಂದು ಕೇಳಿದವರು ಬಹಳ ಜನ. ಅದಕ್ಕೇ ಈ ಪತ್ರ.

ನಮ್ಮ ಹಣ್ಣು ಮಹಾಬಳೇಶ್ವರ, ಪಂಚಗಣಿ ಕಡೆಯದು. ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ ಹುಬ್ಬಳ್ಳಿಗೆ ಬರಬೇಕು. ಸ್ಟ್ರಾಬೆರಿಗೆ ಗಟ್ಟಿ ಸಿಪ್ಪೆ ಇಲ್ಲ, ನೂರಕ್ಕೆ ತೊಂಬತ್ತು ಪಾಲು ನೀರೇ. ಅದನ್ನು ಹೆಚ್ಚು ಕಾಡುವುದು ಬೊಟ್ರೈಟಿಸ್ ಎಂಬ ಬೂದು ಬೂಷ್ಟು. ಗಿಡ ಹೂ ಬಿಟ್ಟಾಗಲೇ ಒಳಗೆ ಸೇರಿಕೊಂಡು, ಹಣ್ಣಾದ ಮೇಲೆ ತಲೆ ಎತ್ತುತ್ತದೆ. ಫ್ರಿಜ್ಜಿನ ಚಳಿಗೆ ಸಾಯುವಂಥದ್ದಲ್ಲ. 0 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ. ತೇವ ಮತ್ತು ಗಾಯ ಸಿಕ್ಕರಂತೂ ಕೇಳುವುದೇ ಬೇಡ. ತೊಳೆದರೆ ತೊಟ್ಟಿನ ಅಡಿಯಲ್ಲಿ ನೀರು ನಿಲ್ಲುತ್ತದೆ. ತೊಟ್ಟು ಕಿತ್ತರೆ ಅದೇ ಗಾಯ. ದೊಡ್ಡ ಬಾಕ್ಸಿನಲ್ಲಿ ಕೆಳಗಿನ ಹಣ್ಣು ಭಾರಕ್ಕೆ ಜಜ್ಜಿ ರಸ ಬಿಡುತ್ತದೆ.

ಇನ್ನೊಂದು ಬದಲಾವಣೆ ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಮುಂಜಾನೆ ತಂಪಿನಲ್ಲೇ ಕಿತ್ತು, ಹೊಲದಲ್ಲೇ ಡಬ್ಬಿಗೆ ತುಂಬಿ, ಬಿಸಿಲೇರುವ ಮೊದಲು ಕೋಲ್ಡ್ ರೂಮಿಗೆ ಸೇರಿಸುತ್ತೇವೆ. ಅಲ್ಲಿಂದ ಶೀತಲ ಗಾಡಿ. ನಮ್ಮ ಪ್ರಕಾರ ಡಬ್ಬಿಗಿಂತ ಇದೇ ಮುಖ್ಯ. ಖರ್ಚೂ ಇದಕ್ಕೇ ಜಾಸ್ತಿ, ಹಾಗಾಗಿ ಬೆಲೆ ಸ್ವಲ್ಪ ಏರಿದೆ. ಗಾಡಿ ಮಂಗಳವಾರ, ಶುಕ್ರವಾರ ಮಾತ್ರ ಬರುತ್ತದೆ. ಸ್ಟ್ರಾಬೆರಿ ಮಾವಿನಂತೆ ಕಿತ್ತ ಮೇಲೆ ಮಾಗುವುದಿಲ್ಲ, ಅಲ್ವಾ? ಕಾಯಿ ಕಿತ್ತು ದಾರಿಯಲ್ಲಿ ಹಣ್ಣು ಮಾಡುವ ಉಪಾಯ ಇಲ್ಲಿ ನಡೆಯದು.

ಡಬ್ಬಿ ಕೈಗೆ ಬಂದ ಕೂಡಲೇ ತೆರೆದು ನೋಡಿ. ಜಜ್ಜಿದ ಹಣ್ಣಿದ್ದರೆ ಆಗಲೇ ತಿಂದುಬಿಡಿ. ಬೂಷ್ಟು ಬಂದದ್ದನ್ನು ಬಿಸಾಡಿ, ಕತ್ತರಿಸಿ ಉಳಿಸಬೇಡಿ. ಅದರ ಫೋಟೋ ಕಳಿಸಿದರೆ ಮುಂದಿನ ಬಿಲ್ಲಿನಲ್ಲಿ ದುಡ್ಡು ಕಳೆಯುತ್ತೇವೆ. ಉಳಿದದ್ದನ್ನು ಟಿಶ್ಯೂ ಪೇಪರ್ ಮೇಲೆ ಹರಡಿ ಫ್ರಿಜ್ಜಿನ ಒಳಗಿಡಿ, ಬಾಗಿಲಲ್ಲಿ ಬೇಡ. ತಿನ್ನುವ ಹೊತ್ತಿಗೆ ತೊಟ್ಟು ಸಮೇತ ನಲ್ಲಿ ನೀರಲ್ಲಿ ತೊಳೆದು, ಆಮೇಲೆ ತೊಟ್ಟು ತೆಗೆಯಿರಿ. ವಿನೆಗರ್ ನೀರಲ್ಲಿ ಅದ್ದಿಡುವವರೂ ಇದ್ದಾರೆ. ಆಮೇಲೆ ಒಂದೊಂದು ಹಣ್ಣನ್ನೂ ಪೂರ್ತಿ ಒಣಗಿಸುವ ತಾಳ್ಮೆ ಇದ್ದರೆ ಮಾಡಿ. ನಮಗಂತೂ ಇಲ್ಲ. ಎರಡು ಮೂರು ದಿನದಲ್ಲಿ ಮುಗಿಯದಷ್ಟಿದ್ದರೆ ತೊಳೆದು, ಒರೆಸಿ ಫ್ರೀಜರಿಗೆ ಹಾಕಿ.

ಜಾಮ್ ಮಾಡುವವರು, ಜ್ಯೂಸ್ ಅಂಗಡಿಯವರು ಅಂದಂದೇ ಬಳಸುತ್ತಾರೆ. ಅವರಿಗೆ ದೊಡ್ಡ ಬಾಕ್ಸ್ ಸಿಗುತ್ತದೆ, ಎರಡು ದಿನ ಮೊದಲೇ ಹೇಳಿ.