ಆ ಮೂರು ಕಲ್ಲುಗಳನ್ನು ಮೊದಲಿದ್ದ ಕುಣಿಗೇ ನೆಡಿಸಿ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಇದು ನನ್ನ ಆರನೆಯ ಅರ್ಜಿ. ಹಿಂದಿನ ಐದಕ್ಕೂ ತಮ್ಮ ಟಪಾಲು ವಿಭಾಗದ ಮುದ್ರೆ ಬಿದ್ದಿದೆ, ಹಿಂಬರಹ ಬಂದಿರುವುದು ಒಂದಕ್ಕೆ. ಅದನ್ನು ಓದಿದ ಮೇಲೆ ಆರನೆಯದನ್ನು ನಾಲ್ಕು ಜನ ಓದುವಂತೆ ಬರೆಯೋಣ ಎನ್ನಿಸಿತು. ಊರಿನ ಹೆಸರನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಬರುವ ಅಮಾವಾಸ್ಯೆಗೇ ನಿಧಿಗಳ್ಳರು ಹಾರೆ ಹಿಡಿದು ಬರುತ್ತಾರೆ. ತಮ್ಮ ಕಡತದಲ್ಲಿ ಹೆಸರಿದೆ, ಕಡತ ಸಿಕ್ಕರೆ.

ನಮ್ಮ ಗೋಮಾಳದಲ್ಲಿ ಹದಿನೇಳು ಕಲ್ಲುಗಳು ದುಂಡಗೆ ನಿಂತಿದ್ದವು. ಈಗ ಹದಿನಾಲ್ಕಿವೆ. ಉಳಿದ ಮೂರು ಪಂಚಾಯಿತಿ ಕಚೇರಿಯ ಮುಂದಿವೆ. ಕ್ರಷರ್‌ಗೆ ಹೋಗುವ ಟಿಪ್ಪರ್‌ಗಳಿಗೆ ದಾರಿ ಅಗಲ ಮಾಡುವಾಗ ಜೆಸಿಬಿಯಿಂದ ಕಿತ್ತು, ಅಲ್ಲಿಗೆ ಸಾಗಿಸಿ, ಸಾಲಾಗಿ ನೆಟ್ಟು, ಸುಣ್ಣ ಬಳಿದಿದ್ದಾರೆ. ನಡುವಿನದಕ್ಕೆ ಧ್ವಜಸ್ತಂಭವನ್ನು ಬಿಗಿದಿದ್ದಾರೆ. ನಾನು ದೂರು ಕೊಟ್ಟು ಏಳು ತಿಂಗಳಿಗೆ ಬಂದ ಹಿಂಬರಹದ ಸಾಲು ಇದು: ‘ಕಲ್ಲುಗಳಿಗೆ ಯಾವುದೇ ಹಾನಿಯಾಗಿರುವುದಿಲ್ಲ. ಸದರಿ ಕಲ್ಲುಗಳನ್ನು ಸುರಕ್ಷಿತ ಸ್ಥಳಕ್ಕೆ ವರ್ಗಾಯಿಸಲಾಗಿರುತ್ತದೆ.’

ವರ್ಗಾವಣೆ! ಮೂವತ್ತೊಂದು ವರ್ಷ ಮಾಸ್ತರನಾಗಿದ್ದವನು ನಾನು, ಎಂಟು ಊರು ತಿರುಗಿದವನು. ಮನುಷ್ಯನನ್ನು ವರ್ಗಾಯಿಸಬಹುದು. ದಿಕ್ಕು ತೋರಿಸಲೆಂದು ನೆಟ್ಟ ಕಲ್ಲನ್ನು ವರ್ಗಾಯಿಸಿದರೆ ಅಲ್ಲಿ ಉಳಿಯುವುದು ಬರೀ ಕಲ್ಲು.

ಡಿಸೆಂಬರ್ 21ರ ಆಸುಪಾಸಿನಲ್ಲಿ ಮೂಡಣದ ದೊಡ್ಡ ಕಲ್ಲಿಗೆ ಬೆನ್ನು ಕೊಟ್ಟು ಕುಳಿತರೆ, ಎದುರಿನ ಎರಡು ಕಲ್ಲುಗಳ ಸಂದಿಯಲ್ಲಿ ಹೊತ್ತು ಪಡುವಣ ಗುಡ್ಡದ ಕೊರಕಲಿಗೆ ಇಳಿಯುತ್ತಿತ್ತು. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಹನ್ನೊಂದು ವರ್ಷ ನೋಡಿದ್ದೇನೆ. ನಮ್ಮ ಸೀಮೆಯಲ್ಲಿ ಅಂದು ಸೂರ್ಯ ಮುಳುಗುವುದು ನೇರ ಪಶ್ಚಿಮಕ್ಕಲ್ಲ, ಅಲ್ಲಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ. ಅದಕ್ಕಿಂತ ಆಚೆ ಹೋಗುವುದಿಲ್ಲ, ಅಲ್ಲಿಂದ ತಿರುಗುತ್ತಾನೆ. (ಉತ್ತರಾಯಣ ಎಂದು ನಾವು ಎಳ್ಳುಬೆಲ್ಲ ಬೀರುವ ಹೊತ್ತಿಗೆ ಅವನು ತಿರುಗಿ ಮೂರು ವಾರ ದಾಟಿರುತ್ತದೆ.) ಈ ಬಗೆಯ ಕಲ್ಲುಗಳು ಮೂರು ಸಾವಿರ ವರ್ಷ ಹಳೆಯವಿರಬಹುದು. ಅಷ್ಟು ಕಾಲದಲ್ಲಿ ಭೂಮಿಯ ಅಕ್ಷದ ಓರೆ ಬದಲಾಗಿ ಆ ಮುಳುಗುವ ಜಾಗ ಸರಿದಿರುವುದು ಅರ್ಧ ಡಿಗ್ರಿಯೊಳಗೆ, ಸೂರ್ಯಬಿಂಬದ ಅಗಲಕ್ಕಿಂತ ಕಡಿಮೆ. ಜೆಸಿಬಿ ಒಂದು ಬೆಳಗಿನಲ್ಲಿ ಕಲ್ಲನ್ನು ಸರಿಸಿದ್ದು ಒಂದೂವರೆ ಕಿಲೋಮೀಟರ್.

ಎದುರಿನ ಆ ಎರಡು ಕಲ್ಲುಗಳೇ ಈಗ ಸುಣ್ಣ ಬಳಿಸಿಕೊಂಡು ನಿಂತಿವೆ. ಮೂರನ್ನೂ ಮೊದಲಿದ್ದ ಕುಣಿಗೇ ನೆಡಿಸಿ. ಕುಣಿಯ ಒತ್ತುಗಲ್ಲುಗಳು ಇನ್ನೂ ಅಲ್ಲಿಯೇ ಇವೆ, ಒಂದು ಮಳೆಗಾಲ ಕಳೆದರೆ ಅವೂ ಇರುವುದಿಲ್ಲ.

ಎರಡನೆಯ ಮಾತು ಗುಡ್ಡದ್ದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ತಮಗೆ ತಿಳಿದಿದೆ: ಕೇಂದ್ರದ ರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ನಿಷೇಧ, ಆಚೆಗೆ 200 ಮೀಟರ್ ನಿರ್ಬಂಧ. ನಮ್ಮ ಕಲ್ಲುಗಳು ಆ ಪಟ್ಟಿಯಲ್ಲೂ ಇಲ್ಲ, 1961ರ ರಾಜ್ಯ ಕಾಯ್ದೆಯ ಪಟ್ಟಿಯಲ್ಲೂ ಇಲ್ಲ. ಇದ್ದಿದ್ದರೂ ಗುಡ್ಡ ಎರಡು ಕಿಲೋಮೀಟರ್ ದೂರ. ಕಾನೂನು ಕಲ್ಲನ್ನು ಕಾಯುತ್ತದೆ, ಕಲ್ಲು ನೋಡುತ್ತಿರುವ ಗುಡ್ಡವನ್ನು ಕಾಯುವುದಿಲ್ಲ. ಸೂರ್ಯ ಓರೆಯಾಗಿ ಇಳಿಯುವವನು. ಗುಡ್ಡದ ನೆತ್ತಿ ತಗ್ಗಿದಷ್ಟೂ ಅವನು ಉತ್ತರಕ್ಕೆ ಜಾರಿ ಮುಳುಗುತ್ತಾನೆ. ಕ್ರಷರ್ ಈಗಾಗಲೇ ಕೊರಕಲಿನ ಎಡದಂಡೆಯನ್ನು ತಿಂದಿದೆ. ಬಲದಂಡೆಗೆ ಬರುವ ಮೊದಲು ನಿಲ್ಲಿಸಿ.

ನಾನು ನಮ್ಮ ಪೂರ್ವಿಕರಿಗೆ ಖಗೋಳಶಾಸ್ತ್ರಜ್ಞರ ಪಟ್ಟ ಕಟ್ಟುತ್ತಿಲ್ಲ. ಹದಿನೇಳು ಕಲ್ಲುಗಳಿದ್ದರೆ ಯಾವುದೋ ಎರಡು ಯಾವುದೋ ದಿಕ್ಕಿಗೆ ಅಕಸ್ಮಾತ್ ಕೂಡಿಬರಬಹುದು. ಅದಕ್ಕೇ ಬಲ್ಲವರು ಬಂದು ಅಳೆಯಲಿ ಎನ್ನುತ್ತಿರುವುದು. ಹೊಸನಗರ ತಾಲ್ಲೂಕಿನ ಬೈಸೆ, ನಿಲಸಕಲ್‌ಗಳ ನಿಲಸುಗಲ್ಲುಗಳನ್ನು ಸಂಶೋಧಕರು ಹಾಗೆ ಅಳೆದೇ, ಅಯನದ, ಅಂದರೆ ಸೂರ್ಯ ಹೀಗೆ ತಿರುಗುವ ದಿನಗಳ ಸೂರ್ಯೋದಯ, ಸೂರ್ಯಾಸ್ತಗಳಿಗೆ ಜೋಡಿ ಕಲ್ಲುಗಳು ಹೊಂದುವುದನ್ನು ತೋರಿಸಿದರು. ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನು ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೆಯ ಶತಮಾನದಲ್ಲೇ ಗಮನಿಸಿ ಬರೆದಿಟ್ಟ. ಕುದುರೆಯ ಮೇಲೆ ತಿರುಗಿದವನಿಗೆ ಕಂಡದ್ದು ಜೀಪಿನಲ್ಲಿ ಬಂದ ತಮ್ಮ ಸಿಬ್ಬಂದಿಗೆ ಕಾಣಲಿಲ್ಲ.

ಮಂಡಿನೋವಿನಲ್ಲಿ ಎರಡು ಬಸ್ ಬದಲಿಸಿ ತಮ್ಮ ಕಚೇರಿಗೆ ಒಂಬತ್ತು ಸಲ ಬಂದಿದ್ದೇನೆ. ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎಂಬುದನ್ನು ಒಂಬತ್ತು ಸಲವೂ ಅದೇ ರಾಗದಲ್ಲಿ ಕೇಳಿದ್ದೇನೆ. ಒಬ್ಬ ಗುಮಾಸ್ತರಂತೂ, ‘ಮೇಷ್ಟ್ರೇ, ಸೂರ್ಯ ಎಲ್ಲಿ ಮುಳುಗಿದರೆ ನಿಮಗೇನು ನಷ್ಟ?’ ಎಂದರು. ನನಗೆ ನಷ್ಟವಿಲ್ಲ. ಪಿಂಚಣಿ ಬರುತ್ತಿದೆ.

ಮೂರು ಕಲ್ಲುಗಳನ್ನು ಮೊದಲಿದ್ದ ಕುಣಿಗೇ ನೆಡಿಸಿ. ಅಳತೆ ಮುಗಿಯುವ ತನಕ ಆ ಗುಡ್ಡದ ನೆತ್ತಿಯಲ್ಲಿ ಸಿಡಿಮದ್ದು ನಿಲ್ಲಿಸಿ. ಕುಣಿಗಳ ಫೋಟೊ, ಕಲ್ಲುಗಳ ನಡುವಿನ ಅಂತರ, ಯಾವ ಕಲ್ಲು ಯಾವ ಕುಣಿಯದು ಎಂಬ ನಕ್ಷೆ ಮತ್ತೆ ಲಗತ್ತಿಸಿದ್ದೇನೆ. ಧ್ವಜಸ್ತಂಭ ಕಟ್ಟಿರುವುದು ಏಳನೆಯ ಕುಣಿಯ ಕಲ್ಲು.

ಇಂತಿ,
ನಿವೃತ್ತ ಮುಖ್ಯೋಪಾಧ್ಯಾಯ