ಹುತ್ತದ ಬಾಯಲ್ಲಿ ಒಂದು ಕಡ್ಡಿ

ಪ್ರೀತಿಯ ಪುಟ್ಟಿ,

ಕಾಡುಪ್ರಾಣಿಗಳ ಅಧ್ಯಯನಕ್ಕೆ ಮೊದಲು ಒಳ್ಳೇ ಕ್ಯಾಮೆರಾ ಬೇಕು ಅಂತ ಬರೆದಿದ್ದೀಯ. ಚಿಂಪಾಂಜಿಗಳನ್ನು ಅಧ್ಯಯನ ಮಾಡಿದ ಜೇನ್ ಗುಡಾಲ್ 1960ರ ಜುಲೈ 14ರಂದು ಆಫ್ರಿಕಾದ ಟಾಂಗಾನಿಕಾ ಸರೋವರದ ದಡದಲ್ಲಿರುವ ಗೊಂಬೆ ಎಂಬ ಹೆಸರಿನ ಕಾಡಿಗೆ ಬಂದಿಳಿದಾಗ ಅವರಿಗೆ 26 ವರ್ಷ. ಪದವಿ ಇರಲಿಲ್ಲ, ದುರ್ಬೀನು ಮತ್ತು ನೋಟ್‌ಬುಕ್ ಇದ್ದವು. ಒಂಟಿ ಹುಡುಗಿಯನ್ನು ಕಾಡಿಗೆ ಬಿಡಲು ಅಧಿಕಾರಿಗಳು ಒಪ್ಪದ ಕಾರಣ ಅವರಮ್ಮನೂ ಜೊತೆಗೆ ಬಂದಿದ್ದರು. ಇಬ್ಬರೂ ಮಲೇರಿಯಾದಿಂದ ಮಲಗಿದರು.

ಅರ್ಧ ಕಿಲೋಮೀಟರ್ ದೂರದಿಂದ ಕಂಡರೂ ಚಿಂಪಾಂಜಿಗಳು ಓಡುತ್ತಿದ್ದವು. ಜೇನ್ ಬೆನ್ನಟ್ಟಲಿಲ್ಲ, ಅಡಗಲೂ ಇಲ್ಲ. ದಿನವೂ ಮಾಸಲು ಬಣ್ಣದ ಬಟ್ಟೆ ತೊಟ್ಟು, ಬೆಳಗಾಗುವ ಹೊತ್ತಿಗೆ ಅದೇ ಗುಡ್ಡ ಹತ್ತಿ, ಕಾಣುವ ಹಾಗೆಯೇ ಕೂತರು. ಗುಡ್ಡದ ಮೇಲೊಂದು ತಗಡಿನ ಪೆಟ್ಟಿಗೆಯಲ್ಲಿ ಕೆಟಲ್, ಕಾಫಿಪುಡಿ, ಕಂಬಳಿ ಇಟ್ಟಿದ್ದರು.

ನವೆಂಬರಿನಲ್ಲಿ, ಡೇವಿಡ್ ಗ್ರೇಬಿಯರ್ಡ್ ಎಂದು ಅವರೇ ಹೆಸರಿಟ್ಟ ಗಂಡು ಚಿಂಪಾಂಜಿ ಹುತ್ತದ ಮುಂದೆ ಕೂತಿತ್ತು. ಮಳೆಗಾಲ ಶುರುವಾಗುವ ಆ ಹೊತ್ತಿಗೆ ಗೆದ್ದಲಿಗೆ ರೆಕ್ಕೆ ಬರುತ್ತದೆ (ನಮ್ಮಲ್ಲಿ ಈಚಲು ಹುಳ ಅಂತೀವಲ್ಲ). ಅವು ಹಾರಿಹೋಗಲು ಮಾಡಿದ ದಾರಿಯ ಬಾಯನ್ನು ತೆಳುವಾಗಿ ಮಣ್ಣು ಮೆತ್ತಿ ಮುಚ್ಚಿರುತ್ತವೆ. ಚಿಂಪಾಂಜಿ ಅದನ್ನು ಬೆರಳಿಂದ ಕೆರೆದು ಹುಲ್ಲುಕಡ್ಡಿ ತೂರಿಸುತ್ತದೆ, ಸ್ವಲ್ಪ ಕಾಯುತ್ತದೆ. ಒಳಗಿನ ಗೆದ್ದಲು ಕಡ್ಡಿಯನ್ನು ಕಚ್ಚಿ ಹಿಡಿಯುತ್ತವೆ. ಮೆಲ್ಲಗೆ ಎಳೆಯಬೇಕು; ರಭಸದಿಂದ ಎಳೆದರೆ ಹುಳಗಳೆಲ್ಲ ಉದುರುತ್ತವೆ. ತುದಿ ಬಾಗಿದರೆ ಅಷ್ಟನ್ನು ಕಚ್ಚಿ ಬಿಸಾಡುತ್ತದೆ, ಇಲ್ಲವೇ ಕಡ್ಡಿಯನ್ನು ತಿರುಗಿಸಿ ಹಿಡಿಯುತ್ತದೆ. ಎಲೆ ಇರುವ ರೆಂಬೆಯಾದರೆ ಎಲೆ ಸವರಿ ತೆಗೆಯುತ್ತದೆ. ನನಗೆ ಮುಖ್ಯ ಅನ್ನಿಸುವುದು ಈ ಸವರುವ ಕೆಲಸವೇ, ಯಾಕೆಂದರೆ ಅದು ಸಿಕ್ಕಿದ್ದನ್ನು ಬಳಸುವುದಲ್ಲ, ಸಾಧನವನ್ನು ತಯಾರಿಸುವುದು. ಆವರೆಗೆ ಮನುಷ್ಯನೊಬ್ಬನೇ ಸಾಧನ ಮಾಡುವವನೆಂದು ಪುಸ್ತಕಗಳು ಹೇಳುತ್ತಿದ್ದವು.

ಜೇನ್ ಮಾಡಿದ ತಪ್ಪನ್ನೂ ಹೇಳಬೇಕು. ಡೇವಿಡ್ ಡೇರೆಯಿಂದ ಬಾಳೆಹಣ್ಣು ಒಯ್ದ ಮೇಲೆ, ಹತ್ತಿರದಿಂದ ನೋಡಬಹುದೆಂದು ಜೇನ್ ಹಣ್ಣು ಇಡತೊಡಗಿದರು. ನೋಡಲು ಸುಲಭವಾಯಿತು, ನಡವಳಿಕೆ ಕೆಟ್ಟಿತು. ಚದುರಿ ಮೇಯಬೇಕಾದವು ಒಂದೇ ಕಡೆ ಗುಂಪುಗೂಡಿದವು, ತಮ್ಮತಮ್ಮಲ್ಲೂ ಬಬೂನ್ ಎಂಬ ದೊಡ್ಡ ಕೋತಿಗಳ ಜೊತೆಯೂ ಕಾದಾಡಿದವು. ಹಣ್ಣಿಡಲು, ಮುಚ್ಚಳವನ್ನು ದೂರದಿಂದ ತೆಗೆಯುವಂಥ ಪೆಟ್ಟಿಗೆಗಳನ್ನು ಮಾಡಿಸಿದರೂ ಗುಂಪು ಕರಗಲಿಲ್ಲ. 1966ರಲ್ಲಿ ಪೋಲಿಯೊ ಥರದ ರೋಗ ಬಂದು ಕೆಲವು ಸತ್ತವು, ಕೆಲವಕ್ಕೆ ಕೈಕಾಲು ಹೋಯಿತು. ಉಳಿದವಕ್ಕೆ ಬಾಳೆಹಣ್ಣಿನಲ್ಲೇ ಲಸಿಕೆ ಹಾಕಿ ಕೊಟ್ಟರು. ಮುಂದೆ ಹಣ್ಣು ಕೊಡುವುದನ್ನು ತೀರಾ ಕಡಿಮೆ ಮಾಡಿದರು.

ಅದಕ್ಕೇ ಹೇಳ್ತೀನಿ, ದೇವಸ್ಥಾನದ ಹತ್ತಿರ ಕೋತಿಗಳನ್ನು ನೋಡಲು ಕೂರುವಾಗ ಚೀಲದಲ್ಲಿ ತಿಂಡಿ ಇರಬಾರದು. ಸಮಯ, ಮರ, ಯಾವುದು ಯಾವುದರ ಪಕ್ಕ ಕೂತಿದೆ, ಇಷ್ಟನ್ನು ಅಲ್ಲೇ ಬರೆದುಕೋ, ಮನೆಗೆ ಬಂದಮೇಲಲ್ಲ. ದುರ್ಬೀನು ಕಳಿಸ್ತಿದೀನಿ.

ನಿನ್ನ
ಅಮ್ಮ